ನಾಲ್ಕು ವರ್ಷದ ಡಿಸೈನ್ ಓದು: ಕನ್ನಡವನ್ನು ಗೇಟಿನ ಹೊರಗೆ ಬಿಟ್ಟು ಹೋಗಬೇಡಿ

ಪಿಯುಸಿ ರಿಸಲ್ಟು ಬಂತೆಂದರೆ ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಎರಡೇ ಮಾತು: ಡಾಕ್ಟರೋ, ಎಂಜಿನಿಯರೋ? ಈಗ ಮೂರನೆಯ ಮಾತೊಂದು ಸೇರಿಕೊಂಡಿದೆ. 'ನಾನು ಡಿಸೈನ್ ಓದ್ತೀನಿ' ಎನ್ನುವ ಹುಡುಗ ಹುಡುಗಿಯರು ರಾಜಾಜಿನಗರ, ಹನುಮಂತನಗರದ ಕನ್ನಡದ ಮನೆಗಳಲ್ಲೂ ಕಾಣತೊಡಗಿದ್ದಾರೆ. ಸಂತೋಷ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದದ್ದಕ್ಕೆ ಕಿವಿ ಹಿಂಡುತ್ತಿದ್ದ ಅಪ್ಪಂದಿರು ಇವತ್ತು ಅದೇ ಓದಿಗೆ ಸಾಲ ಎತ್ತುತ್ತಿದ್ದಾರೆ. ಖಾಸಗಿ ಕಾಲೇಜಾದರೆ ವರ್ಷಕ್ಕೆ ಲಕ್ಷಗಟ್ಟಲೆ ಹಣ. ಸೈಟು ಮಾರಿದವರಿದ್ದಾರೆ, ಒಡವೆ ಅಡವಿಟ್ಟವರಿದ್ದಾರೆ.

ಇಷ್ಟೆಲ್ಲಾ ಸುರಿದ ಮೇಲೆ ಆ ನಾಲ್ಕು ವರ್ಷದಲ್ಲಿ ಸಂಪಾದಿಸಬೇಕಾದ್ದು ಏನು? ಕಾಲೇಜಿನ ಬಣ್ಣಬಣ್ಣದ ಬ್ರೋಷರ್ ಈ ಪ್ರಶ್ನೆ ಕೇಳುವುದಿಲ್ಲ. ಫೀಸು ಕಟ್ಟುವ ಅಪ್ಪನಿಗೆ ಕೇಳಲು ಗೊತ್ತಾಗುವುದಿಲ್ಲ. ಆದ್ದರಿಂದ ನಾನು ಕೇಳುತ್ತಿದ್ದೇನೆ.

ನಾನು ಡಿಸೈನ್ ಓದಿದವನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದವನು. ಚಿಕ್ಕಂದಿನಲ್ಲಿ ಸೀಸದ ಮೊಳೆ ಜೋಡಿಸುವುದನ್ನು ನೋಡಿದ್ದೇನೆ. ಈಗ ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಬರುವುದನ್ನೂ ನೋಡುತ್ತಿದ್ದೇನೆ. ಈ ನಡುವೆ ಎಷ್ಟೋ ಮಂದಿ ಡಿಸೈನ್ ಪದವೀಧರರು ಪೆನ್ ಡ್ರೈವ್ ಹಿಡಿದು ನನ್ನ ಮೇಜಿನ ಮುಂದೆ ಕೂತಿದ್ದಾರೆ. ಕಾಲೇಜು ಅವರಿಗೆ ಏನು ಕೊಟ್ಟಿತು, ಅವರು ಕಾಲೇಜಿನಿಂದ ಏನನ್ನು ಪಡೆಯದೆ ಬಂದರು ಎಂಬುದು ಫೈಲು ತೆರೆದ ಐದು ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ.

ನೋಡಿದ್ದರಿಂದ ಹೇಳುತ್ತೇನೆ. ಕನ್ನಡದ ಹುಡುಗರಲ್ಲಿ ಬಹಳ ಮಂದಿ ತಮ್ಮ ದೊಡ್ಡ ಬಂಡವಾಳವನ್ನೇ ಕಾಲೇಜಿನ ಗೇಟಿನ ಹೊರಗೆ ಇಳಿಸಿ, ಬರಿಗೈಯಲ್ಲಿ ಒಳಗೆ ಹೋಗುತ್ತಾರೆ. ಆ ಬಂಡವಾಳದ ಹೆಸರು ಕನ್ನಡ. ರಾಜ್ಯೋತ್ಸವದ ಭಾಷಣ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಇದು ವ್ಯಾಪಾರಸ್ಥನ ಲೆಕ್ಕಾಚಾರದ ಮಾತು. ಪೂರ್ತಿ ಓದಿ, ಆಮೇಲೆ ಬೇಕಾದರೆ ಜಗಳಕ್ಕೆ ಬನ್ನಿ.

ಚೊಂಬಿನ ಪಾಠ

ಡಿಸೈನ್ ಎಂದರೆ ಅಂದ ಮಾಡುವುದು, ಹೂವು ಬಳ್ಳಿ ಬಿಡಿಸುವುದು, ಬಣ್ಣ ಬಳಿಯುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆಯೊಂದಿಗೆ ಕಾಲೇಜಿಗೆ ಹೋದವನಿಗೆ ಮೊದಲ ವರ್ಷ ಏನೂ ಅರ್ಥವಾಗುವುದಿಲ್ಲ.

1958ರಲ್ಲಿ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದರದೇ ಒಂದು ಕ್ಯಾಂಪಸ್ 2006ರಿಂದ ನಮ್ಮ ತುಮಕೂರು ರಸ್ತೆಯ ಪಕ್ಕದಲ್ಲೂ ಇದೆ. ದೇಶ ಸುತ್ತಿದ ಆ ದಂಪತಿ ಮನಸಾರೆ ಮೆಚ್ಚಿ ಬರೆದದ್ದು ನಮ್ಮ ಮನೆಯ ಚೊಂಬಿನ ಬಗ್ಗೆ! ಎಷ್ಟು ನೀರು ಹಿಡಿಯಬೇಕು, ಯಾರ ಕೈಯಲ್ಲಿ ಹಿಡಿಯಬೇಕು, ತಲೆಯ ಮೇಲೆ ಹೊತ್ತರೆ ಹೇಗೆ, ಸೊಂಟದ ಮೇಲಿಟ್ಟರೆ ಹೇಗೆ, ಬಗ್ಗಿಸಿದಾಗ ನೀರು ಹೇಗೆ ಸುರಿಯಬೇಕು, ತೊಳೆಯಲು ಸುಲಭವೇ, ಬೆಲೆ ಎಷ್ಟಾಗುತ್ತದೆ... ಒಂದು ಚೊಂಬಿನ ಹಿಂದೆ ಇಷ್ಟು ಪ್ರಶ್ನೆಗಳಿವೆ ಎಂದು ಅವರು ತೋರಿಸಿದರು. ಅದನ್ನು ಯಾವನೋ ಒಬ್ಬ ಮೇಧಾವಿ ಮಾಡಲಿಲ್ಲ, ತಲೆಮಾರುಗಳ ಕೈ ತಿದ್ದಿ ತಿದ್ದಿ ಮಾಡಿತು ಎಂದರು. ನಾವು ಯಾರಿಗಾದರೂ ಮೋಸವಾದರೆ 'ಕೈಗೆ ಚೊಂಬು ಕೊಟ್ಟರು' ಎನ್ನುತ್ತೇವೆ. ಡಿಸೈನ್ ಓದುವ ಹುಡುಗನ ಕೈಗೆ ಮಾತ್ರ ಮೊದಲ ದಿನವೇ ಚೊಂಬು ಕೊಡಬೇಕು!

ಇನ್ನೊಂದು ಉದಾಹರಣೆ ಕೊಡುತ್ತೇನೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಇರುವುದು 26 ಅಕ್ಷರ. ಕನ್ನಡ ವರ್ಣಮಾಲೆಯಲ್ಲಿ 49. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಇಷ್ಟನ್ನು ಅಷ್ಟರಲ್ಲಿ ತುಂಬಿಸುವುದು ಹೇಗೆ? ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ನಮ್ಮ ಭಾಷೆಯ ಧ್ವನಿಯನ್ನೇ ನೆಚ್ಚಿಕೊಂಡು ದಾರಿ ಕಂಡುಹಿಡಿದರು. ವ್ಯಂಜನ ಒತ್ತಿ, ಸ್ವರ ಒತ್ತಿ, ಅಕ್ಷರ ತಾನೇ ಕೂಡಿಕೊಳ್ಳುತ್ತದೆ. ಆ ತರ್ಕದ ಮೇಲೆ ನಿಂತ ಕೀಲಿಮಣೆಯನ್ನೇ 'ನುಡಿ' ತಂತ್ರಾಂಶದಲ್ಲಿ ಲಕ್ಷಾಂತರ ಜನ ಕುಟ್ಟಿದ್ದಾರೆ. ಅದರಲ್ಲಿ ಬಣ್ಣ ಎಲ್ಲಿದೆ? ಹೂವು ಬಳ್ಳಿ ಎಲ್ಲಿದೆ? ಆದರೂ ಅದು ಅಪ್ಪಟ ಡಿಸೈನ್. ಜನರ ಕಷ್ಟ ಅರಿತು, ಭಾಷೆಯ ಸ್ವಭಾವ ಅರಿತು, ಇರುವ ಸಾಮಗ್ರಿಯಲ್ಲಿ ದಾರಿ ಮಾಡಿದ್ದು. ಕನ್ನಡ ಗೊತ್ತಿಲ್ಲದ ಎಂಥ ಬುದ್ಧಿವಂತನಿಗೂ ಆ ಕೆಲಸ ಸಾಧ್ಯವಿರಲಿಲ್ಲ.

ಇಂಗ್ಲಿಷಿನ ಗುಮ್ಮ

ಇನ್ನು ನಿಜವಾದ ನೋವಿನ ವಿಷಯಕ್ಕೆ ಬರೋಣ. ಐಐಟಿ ಮುಂಬೈ ನಡೆಸುವ ಯುಸೀಡ್ ಪರೀಕ್ಷೆಯನ್ನು ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದನ್ನು ಓದಿದವರಾದರೂ ಬರೆಯಬಹುದು. ಅದರಲ್ಲಿ ಕೈಯಲ್ಲಿ ಚಿತ್ರ ಬರೆಯುವ ಪ್ರಶ್ನೆಯೂ ಇರುತ್ತದೆ. ಆದರೆ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷಿನಲ್ಲಿ. ಹೇಗೋ ದಾಟಿ ಒಳಗೆ ಹೋದರೆ ಪಾಠ ಇಂಗ್ಲಿಷಿನಲ್ಲಿ, ಚರ್ಚೆ ಇಂಗ್ಲಿಷಿನಲ್ಲಿ, ಕ್ಯಾಂಟೀನಿನ ಹರಟೆಯೂ ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲಿ. ಸೆಮಿಸ್ಟರ್ ಕೊನೆಗೆ ಜ್ಯೂರಿ. ಮಾಡಿದ ಕೆಲಸವನ್ನು ಗೋಡೆಗೆ ಹಚ್ಚಿ, ನಾಲ್ಕು ಜನ ಮೇಷ್ಟ್ರ ಮುಂದೆ ನಿಂತು, 'ಹೀಗೇಕೆ ಮಾಡಿದೆ' ಎಂದು ವಿವರಿಸಬೇಕು.

ಇಲ್ಲೇ ನಮ್ಮ ಹುಡುಗರು ಸೋಲುವುದು. ಕೆಲಸ ಚೆನ್ನಾಗಿರುತ್ತದೆ, ಬಾಯಿ ಬರುವುದಿಲ್ಲ. ಪಕ್ಕದ ಹುಡುಗನ ಕೆಲಸ ಸುಮಾರಾಗಿರುತ್ತದೆ, ಇಂಗ್ಲಿಷ್ ಪಟಪಟ ಅನ್ನುತ್ತದೆ. ಅವನಿಗೆ ಶಹಬ್ಬಾಸ್, ಇವನಿಗೆ ಮೌನ. ಎರಡನೆಯ ವರ್ಷಕ್ಕೆ ನಮ್ಮವನು ಮೂಲೆಗೆ ಸರಿದಿರುತ್ತಾನೆ. ಮೂರನೆಯ ವರ್ಷಕ್ಕೆ ಅಮ್ಮನ ಫೋನ್ ಬಂದರೂ ಹೊರಗೆ ಹೋಗಿ ಮೆಲ್ಲಗೆ ಮಾತಾಡುತ್ತಾನೆ. ಯಾಕಯ್ಯಾ ಈ ನಾಚಿಕೆ? ಕದ್ದ ಮಾಲೇನು ನಿನ್ನ ಭಾಷೆ?

ಇದಕ್ಕೆ ಔಷಧಿ ಮೂರು. ಒಂದು, ಯೋಚನೆಯನ್ನು ಕನ್ನಡದಲ್ಲೇ ಮಾಡಿ, ಕನ್ನಡದಲ್ಲೇ ಬರೆದಿಡಿ. ಸ್ಕೆಚ್ ಪುಸ್ತಕದ ಪ್ರತಿ ಚಿತ್ರದ ಪಕ್ಕ 'ಇದನ್ನು ಯಾಕೆ ಮಾಡಿದೆ, ಅದನ್ನು ಯಾಕೆ ಬಿಟ್ಟೆ' ಎಂದು ಎರಡು ಸಾಲು ಗೀಚಿ. ಕಾರಣ ಕನ್ನಡದಲ್ಲಿ ಸ್ಪಷ್ಟವಾದರೆ ಹರುಕು ಮುರುಕು ಇಂಗ್ಲಿಷಿನಲ್ಲೂ ಅದನ್ನು ದಾಟಿಸಬಹುದು. ಕಾರಣವೇ ಇಲ್ಲದಿದ್ದರೆ ಆಕ್ಸ್‌ಫರ್ಡ್ ಇಂಗ್ಲಿಷೂ ಕಾಪಾಡುವುದಿಲ್ಲ. ಒಳ್ಳೆಯ ಮೇಷ್ಟ್ರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಎರಡು, ಇಂಗ್ಲಿಷ್ ಕಲಿಯಿರಿ. ಹೌದು, ಈ ಪತ್ರಿಕೆಯಲ್ಲೇ ಈ ಮಾತು ಬರೆಯುತ್ತಿದ್ದೇನೆ. ಅಕ್ಷರದ ಬಗ್ಗೆ, ಬಣ್ಣದ ಬಗ್ಗೆ ಲೈಬ್ರರಿಯಲ್ಲಿರುವ ಪುಸ್ತಕಗಳಲ್ಲಿ ಹೆಚ್ಚಿನವು ಆ ಭಾಷೆಯಲ್ಲಿವೆ. ಉಪಕರಣವೆಂದು ಕಲಿಯಿರಿ. ಸ್ಕ್ರೂಡ್ರೈವರ್‌ಗೆ ಯಾರೂ ಕೈಮುಗಿಯುವುದಿಲ್ಲ, ಹೆದರುವುದೂ ಇಲ್ಲ.

ಮೂರು, ನಿಮ್ಮ ಕೈಯಲ್ಲಿರುವ ತುರುಪನ್ನು ಗುರುತಿಸಿ. ಡಿಸೈನ್ ಓದಿನಲ್ಲಿ ಜನರ ನಡುವೆ ಹೋಗಿ, ಅವರನ್ನು ಮಾತಾಡಿಸಿ, ಅವರ ಕಷ್ಟ ತಿಳಿದು ಬರುವ ಕೆಲಸ ಮತ್ತೆ ಮತ್ತೆ ಬರುತ್ತದೆ. ಕೆ.ಆರ್. ಮಾರುಕಟ್ಟೆಯ ಹೂವಿನ ಅಜ್ಜಿಯ ಮುಂದೆ, ಬಿಎಂಟಿಸಿ ಕಂಡಕ್ಟರ್ ಮುಂದೆ, ಆಸ್ಪತ್ರೆಯ ಸಾಲಿನಲ್ಲಿ ನಿಂತ ಹಳ್ಳಿಯವನ ಮುಂದೆ ಆ ಪಟಪಟ ಇಂಗ್ಲಿಷಿನವನು ಬಾಯಿ ಕಟ್ಟಿ ನಿಲ್ಲುತ್ತಾನೆ. ಅಲ್ಲಿ ನೀವು ರಾಜರು. 'ಏನಜ್ಜಿ, ಈ ತಕ್ಕಡಿ ಕೈ ನೋಯಿಸಲ್ವಾ?' ಎಂದು ನೀವು ಕೇಳಿದರೆ ಅವಳು ಹೇಳುವ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನು ಒಯ್ದು ಜ್ಯೂರಿಯ ಗೋಡೆಗೆ ಹಚ್ಚಿ, ಆಗ ನೋಡಿ.

ಸಾಫ್ಟ್‌ವೇರ್ ಕಲಿಯಲು ಕಾಲೇಜು ಬೇಕಿಲ್ಲ

ಫೋಟೋಶಾಪ್, ಇಲಸ್ಟ್ರೇಟರ್ ಕಲಿಯುವುದೇ ಡಿಸೈನ್ ಕಲಿಯುವುದು ಎಂದುಕೊಂಡು ನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿದವರನ್ನು ನೋಡಿದ್ದೇನೆ. ನನ್ನ ಪ್ರೆಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ ಹುಡುಗ ಆರು ತಿಂಗಳಲ್ಲಿ ಅವನ್ನೆಲ್ಲ ಅರೆದು ಕುಡಿದಿದ್ದಾನೆ. ಅದಕ್ಕೆ ಲಕ್ಷಗಟ್ಟಲೆ ಫೀಸು ಯಾಕೆ? ಈಗಂತೂ ಕೃತಕ ಬುದ್ಧಿಮತ್ತೆಗೆ ಎರಡು ಸಾಲು ಬರೆದುಕೊಟ್ಟರೆ ನಿಮಿಷದಲ್ಲಿ ಪೋಸ್ಟರ್ ಉದುರುತ್ತದೆ. ಅದರಲ್ಲಿ ಕನ್ನಡ ಹಾಕು ಎಂದರೆ ಎಷ್ಟೋ ಸಲ ಯಾವ ಅಕ್ಷರವೂ ಅಲ್ಲದ ಜಿಲೇಬಿ ಬರುತ್ತದೆ, ಆ ಮಾತು ಬೇರೆ. ನಾಳೆ ಅದೂ ಸರಿಹೋಗಬಹುದು. ಆದರೆ ಉದುರಿದ ಹತ್ತರಲ್ಲಿ ಯಾವುದು ಸರಿ, ಯಾಕೆ ಸರಿ, ಯಾರಿಗೆ ಸರಿ ಎಂದು ಹೇಳುವ ಕಣ್ಣು ಬೇಕಲ್ಲ? ಕಾಲೇಜಿನಿಂದ ತರಬೇಕಾದದ್ದು ಆ ಕಣ್ಣನ್ನು.

ಆ ಕಣ್ಣು ಬರುವುದು ಕೈಯಿಂದ. ಕಾಲೇಜಿನಲ್ಲಿ ಮರಗೆಲಸದ ಶೆಡ್ಡಿದೆಯೆ? ಹೋಗಿ ಉಳಿ ಹಿಡಿಯಿರಿ. ಮಣ್ಣಿನ ಕೆಲಸವಿದೆಯೆ, ಸ್ಕ್ರೀನ್ ಪ್ರಿಂಟಿಂಗ್ ಇದೆಯೆ, ಮೂಲೆಯಲ್ಲಿ ಧೂಳು ತಿನ್ನುವ ಹಳೆಯ ಟ್ರೆಡಲ್ ಮೆಷಿನ್ ಇದೆಯೆ? ನಿಮ್ಮ ವಿಷಯವಲ್ಲದಿದ್ದರೂ ಸಂಜೆ ಹೋಗಿ ನಿಲ್ಲಿ. ಆ ಶೆಡ್ಡಿನ ಕೆಲಸಗಾರ ಅನೇಕ ಸಲ ಕನ್ನಡದವನೇ ಆಗಿರುತ್ತಾನೆ. 'ಅಣ್ಣಾ, ಸ್ವಲ್ಪ ತೋರಿಸಿ' ಎಂದರೆ ಪ್ರೊಫೆಸರ್ ಹೇಳದ್ದನ್ನೂ ಹೇಳಿಕೊಡುತ್ತಾನೆ. ಕಾಲೇಜು ಬಿಟ್ಟ ಮೇಲೆ ಇಷ್ಟೊಂದು ಉಪಕರಣ, ಇಷ್ಟೊಂದು ಪುಸ್ತಕ, ತಪ್ಪಾದರೆ ಸಂಬಳ ಕತ್ತರಿಸದ ಇಂಥ ಜಾಗ ಇನ್ನೆಲ್ಲೂ ಸಿಗುವುದಿಲ್ಲ. ನನ್ನ ಪ್ರೆಸ್ಸಿನಲ್ಲಿ ಒಂದು ಕೆಲಸ ಕೆಟ್ಟರೆ ಕಾಗದವೆಲ್ಲಾ ರದ್ದಿಗೆ. ಕಾಲೇಜಿನಲ್ಲಿ ಕೆಟ್ಟರೆ ಒಂದು ಹಾಳೆ. ಹಾಗಾಗಿ ಅಲ್ಲಿ ಹತ್ತು ಸಲ ಕೆಡಿಸಿ.

ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಗೀಚಿದ ಹಾಳೆಯನ್ನು ಹರಿದೆಸೆಯಬೇಡಿ. ಜ್ಯೂರಿಯಲ್ಲಿ ವಾದಕ್ಕಿಳಿಯದೆ ಬರೆದುಕೊಳ್ಳಿ. ಅಂಕ ಬಂದ ಮೇಲೆ, ಯಾರೂ ಕೇಳದಿದ್ದಾಗ, ಅದೇ ಕೆಲಸವನ್ನು ಇನ್ನೊಂದು ಸಲ ಮಾಡಿ. ಅಂಕಕ್ಕಾಗಿ ಮಾಡಿದ್ದು ಮೊದಲನೆಯ ಸಲ, ಕಲಿತದ್ದು ಎರಡನೆಯ ಸಲ.

ಅಕ್ಷರದ ಋಣ

ಈಗ ಮುಖ್ಯ ಮಾತು. ಗ್ರಾಫಿಕ್ ಡಿಸೈನ್ ಓದಿದ ಕನ್ನಡದ ಹುಡುಗ ಹುಡುಗಿಯರ ಪೋರ್ಟ್‌ಫೋಲಿಯೊಗಳನ್ನು ನೋಡುತ್ತಿರುತ್ತೇನೆ. ಐವತ್ತು ಪುಟವಿರುತ್ತದೆ. ಕಾಫಿ ಅಂಗಡಿಯ ಲೋಗೊ, ಫ್ರೆಂಚ್ ಹೆಸರಿನ ಬೇಕರಿ, ನ್ಯೂಯಾರ್ಕಿನ ಸಂಗೀತ ಕಛೇರಿಯ ಪೋಸ್ಟರ್. ಇವರು ನ್ಯೂಯಾರ್ಕ್ ನೋಡಿದವರೂ ಅಲ್ಲ! ಹುಡುಕಿದರೆ ಒಂದು ಪುಟದಲ್ಲೂ ಒಂದು ಕನ್ನಡ ಅಕ್ಷರ ಕಾಣುವುದಿಲ್ಲ. ಚಾಮರಾಜಪೇಟೆಯಲ್ಲಿ ಹುಟ್ಟಿದ ಕೈ ಇದು ಎಂದು ತಿಳಿಯುವುದೇ ಇಲ್ಲ.

ಅದೇ ಮುಂಬೈಯತ್ತ ನೋಡಿ. ಐಐಟಿ ಮುಂಬೈಯ ಐಡಿಸಿಯಲ್ಲಿ ಆರ್.ಕೆ. ಜೋಶಿ ಎಂಬ ಮಹಾನುಭಾವರು ಪಾಠ ಮಾಡುತ್ತಿದ್ದರು. 2008ರಲ್ಲಿ ತೀರಿಕೊಂಡರು. ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರುಗಳಲ್ಲಿ ಕನ್ನಡವನ್ನು ತೋರಿಸಿದ 'ತುಂಗಾ' ಅಕ್ಷರಗಳು ಅವರ ನಿರ್ದೇಶನದಲ್ಲಿ ಆದದ್ದು. ಹೆಸರು ನಮ್ಮ ನದಿಯದು, ಕೈ ಮುಂಬೈಯದು. ಈಗ ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ 'ಬಾಲೂ ತಮ್ಮ', 'ಅನೇಕ್ ಕನ್ನಡ' ಫಾಂಟುಗಳು ಕೂಡ ಮುಂಬೈಯ ಏಕ್ ಟೈಪ್ ಸಂಸ್ಥೆಯ ಕೆಲಸ. ಅವರಿಗೆ ನಮಸ್ಕಾರ. ಅವರ ಮೇಲೆ ಹೊಟ್ಟೆಕಿಚ್ಚಲ್ಲ, ನಮ್ಮವರು ಇನ್ನೂ ನೂರು ಜನ ಯಾಕಿಲ್ಲ ಎಂಬ ಸಂಕಟ. ಇದ್ದಾರೆ ಕೆಲವರು. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿತಲ್ಲ, ಅದಕ್ಕೆ ದುಡಿದವರಲ್ಲಿ ವೈಷ್ಣವಿ ಮೂರ್ತಿ ಎಂಬ ಅಕ್ಷರ ವಿನ್ಯಾಸಕಿ ಒಬ್ಬರು. 'ಅಕಾಯ ಕನ್ನಡ' ಫಾಂಟಿನಲ್ಲೂ ಅವರ ಕೈ ಇದೆ. ದಾರಿ ಇದೆ ಎನ್ನುವುದಕ್ಕೆ ಇದು ಸಾಕ್ಷಿ.

ಕನ್ನಡ ಅಕ್ಷರವನ್ನು ಇಂಗ್ಲಿಷಿನ ಅಳತೆಯಲ್ಲಿ ಅಳೆಯಲು ಬರುವುದಿಲ್ಲ. ಇಂಗ್ಲಿಷಿಗೆ ಕಂಪ್ಯೂಟರ್ ತಾನಾಗಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು ಕೊಡುತ್ತದೆ. ಅದೇ ಅಂತರದಲ್ಲಿ 'ರಾಷ್ಟ್ರ' ಎಂದು ಬರೆದು ನೋಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ದ-ಧ, ಡ-ಢ, ಪ-ಫ ಇವುಗಳ ವ್ಯತ್ಯಾಸವೆಲ್ಲ ಒಂದು ಸಣ್ಣ ಸೀಳಿನಲ್ಲಿದೆ. ಬೋಲ್ಡ್ ಒತ್ತಿ ಅಕ್ಷರವನ್ನು ಉಬ್ಬಿಸಿದರೆ ಆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ. ಇಂಗ್ಲಿಷಿನಲ್ಲಿ ಶೀರ್ಷಿಕೆ ಎದ್ದು ಕಾಣಲು ದೊಡ್ಡ ಅಕ್ಷರಗಳಿವೆ, ಕನ್ನಡದಲ್ಲಿ ಇಲ್ಲ. ಹಾಗಾದರೆ ಒತ್ತು ಕೊಡುವುದು ಹೇಗೆ? ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ. ಕಿರಿದಾದ ಕಾಲಂನಲ್ಲಿ ಎರಡೂ ಅಂಚು ಸಮ ಮಾಡಿದರೆ ನಡುವೆ ಹೊಂಡ ಬೀಳುತ್ತದೆ. ಅದಕ್ಕೇನು ಉಪಾಯ? ಇವೆಲ್ಲಾ ಒಂದೊಂದೂ ಒಂದು ಸೆಮಿಸ್ಟರಿನ ಪ್ರಾಜೆಕ್ಟ್. ಉತ್ತರ ಸಿದ್ಧವಾಗಿ ಎಲ್ಲೂ ಇಲ್ಲ, ಆದ್ದರಿಂದಲೇ ಕಂಡುಹಿಡಿದವನಿಗೆ ಬೆಲೆ.

ಮುದ್ರಣದಲ್ಲಿ ಕನ್ನಡ ನಿನ್ನೆ ಮೊನ್ನೆಯದೂ ಅಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. 1894ರಲ್ಲಿ ಕಿಟೆಲ್ ಅವರ ನಿಘಂಟು ಅದೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಹಳೆಯ ಪುಸ್ತಕದಂಗಡಿಯಲ್ಲಿ ಮೊಳೆಯಲ್ಲಿ ಅಚ್ಚಾದ ಕನ್ನಡ ಪುಸ್ತಕ ಸಿಕ್ಕರೆ ಕೊಳ್ಳಿ, ಭೂತಗನ್ನಡಿ ಹಿಡಿದು ನೋಡಿ. ಇನ್ನೂ ಹಿಂದೆ ಹೋಗಬೇಕೆ? ಬೇಗೂರಿಗೆ ಹೋಗಿ. 'ಬೆಂಗಳೂರು' ಎಂಬ ಹೆಸರು ಕಲ್ಲಿನಲ್ಲಿ ಸಿಕ್ಕಿದ್ದು ಅಲ್ಲಿನ ದೇವಸ್ಥಾನದಲ್ಲಿ, ಸುಮಾರು 1100 ವರ್ಷ ಹಿಂದಿನ ಶಾಸನದಲ್ಲಿ. ಉಳಿಯ ಏಟಿಗೆ ಅಕ್ಷರ ಹೇಗೆ ದುಂಡಾಯಿತು, ಎಲ್ಲಿ ಮುರಿಯಿತು ಎಂದು ಕೂತು ಬರೆದುಕೊಳ್ಳಿ. ನಿಮ್ಮ ಕ್ಲಾಸಿನಲ್ಲಿ ಜರ್ಮನಿಯ ಬೌಹೌಸ್ ಬಗ್ಗೆ ಪಾಠವಾಗುತ್ತದೆ. ಚೆನ್ನಾಗಿ ಕೇಳಿ. ಬೇಗೂರಿನ ಪಾಠ ಯಾರೂ ಮಾಡುವುದಿಲ್ಲ, ನೀವೇ ಮಾಡಿಕೊಳ್ಳಬೇಕು.

ಪ್ರೆಸ್ಸಿನ ಮೆಟ್ಟಿಲು ಹತ್ತಿ

ಕಂಪ್ಯೂಟರ್ ಪರದೆಯ ಮೇಲೆ ಎಲ್ಲವೂ ಚೆಂದ. ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಮಸಿಯದು. ಹೊಳೆಯುವ ಹಸಿರನ್ನು ಪರದೆಯಲ್ಲಿ ನೋಡಿ ಬಂದವನು ಅಚ್ಚಾದ ಹಾಳೆ ಕಂಡು 'ಇದೇನು ಸಾರ್, ಮಂಕಾಗಿದೆ' ಎನ್ನುತ್ತಾನೆ. ಸಣ್ಣ ಕನ್ನಡ ಅಕ್ಷರಕ್ಕೆ ನಾಲ್ಕೂ ಬಣ್ಣ ಬೆರೆಸಿದ ಕಪ್ಪು ಕೊಟ್ಟಿರುತ್ತಾನೆ. ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆಯಷ್ಟು ಸರಿದರೆ ಒತ್ತಕ್ಷರಗಳೆಲ್ಲ ದೆವ್ವದಂತೆ ನೆರಳು ಬಿಡುತ್ತವೆ. ಬರೀ ಕಪ್ಪು ಕೊಟ್ಟಿದ್ದರೆ ಆ ರಗಳೆಯೇ ಇರುತ್ತಿರಲಿಲ್ಲ. ಕತ್ತರಿಸುವ ಅಂಚಿನಿಂದಾಚೆ 3 ಮಿಲಿಮೀಟರ್ ಬಣ್ಣ ಬಿಟ್ಟಿರುವುದಿಲ್ಲ. ಕಾಗದದ ನಾರು ಯಾವ ದಿಕ್ಕಿಗಿದೆ ಎಂದು ಕೇಳಿರುವುದಿಲ್ಲ, ಮಡಿಸಿದಲ್ಲಿ ಬಣ್ಣ ಸೀಳುತ್ತದೆ. ಡೆಮಿ 1/8 ಅಳತೆಯ ಪುಸ್ತಕದಲ್ಲಿ 16 ಪುಟಕ್ಕೆ ಒಂದು ಫಾರಂ. 96 ಪುಟವಾದರೆ ಸರಿಯಾಗಿ 6 ಫಾರಂ. ಇವರು 98 ಪುಟ ತರುತ್ತಾರೆ. ಎರಡು ಪುಟದ ದೆಸೆಯಿಂದ ಪ್ರಕಾಶಕನ ಖರ್ಚು ಏರುತ್ತದೆ.

ಕನ್ನಡದ ಕಥೆ ಇನ್ನೂ ಕಷ್ಟ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕದೆ ಯೂನಿಕೋಡ್ ಕನ್ನಡ ಸುರಿದರೆ ಒತ್ತಕ್ಷರಗಳೆಲ್ಲ ಒಡೆದು, 'ಸ್ವಾಗತ' ಎಂಬುದು 'ಸ್‌ವಾಗತ'ವಾಗಿ ಬಾಗಿಲಲ್ಲೇ ಎಡವಿ ಬೀಳುತ್ತದೆ. ಕನ್ನಡ ಓದಲು ಬಾರದವನಿಗೆ ಅದು ಒಡೆದಿದೆ ಎಂದೇ ತಿಳಿಯುವುದಿಲ್ಲ. ಹಾಗೇ ಅಚ್ಚಾಗಿ, ಹಾಗೇ ಗೋಡೆಗೆ ಏರುತ್ತದೆ. ಓದಬಲ್ಲ ಒಬ್ಬ ಡಿಸೈನರ್ ಅಲ್ಲಿ ಇದ್ದಿದ್ದರೆ ಐದು ನಿಮಿಷದ ಕೆಲಸ.

ಆದ್ದರಿಂದ ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ಪ್ರೆಸ್ಸಿಗೆ ಹೋಗಿ ನಿಲ್ಲಿ. ಸುಲ್ತಾನ್‌ಪೇಟೆ, ಕಾಟನ್‌ಪೇಟೆ, ಚಾಮರಾಜಪೇಟೆ ಎಲ್ಲಿಯಾದರೂ. ಹವಾನಿಯಂತ್ರಿತ ಕಂಪನಿಯಲ್ಲಿ ಇಂಟರ್ನ್‌ಷಿಪ್ ಎಂದು ಬೇರೆಯವರ ಪಿಪಿಟಿ ತಿದ್ದುವುದಕ್ಕಿಂತ ಇದು ಮೇಲು. ಮದುವೆ ಸೀಸನ್ನಿನಲ್ಲಿ ಬಂದರಂತೂ ಹಬ್ಬ. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು, ಯಾರದು ದೊಡ್ಡದು, ಸೋದರಮಾವನನ್ನು ಎಲ್ಲಿ ಕೂರಿಸುವುದು, ಮುಹೂರ್ತ ಎದ್ದು ಕಾಣಬೇಕೋ ಛತ್ರದ ವಿಳಾಸವೋ ಎಂದು ಎರಡು ಮನೆಯವರು ಮಾಡುವ ಚರ್ಚೆ ಯಾವ ಜ್ಯೂರಿಗೂ ಕಡಿಮೆಯಿಲ್ಲ. ಒಂದು ಕಾರ್ಡಿನಲ್ಲಿ ಎಲ್ಲರ ಮರ್ಯಾದೆ ಉಳಿಸಿ, ಓದುವವನ ಕಣ್ಣಿಗೂ ಹಿತ ಮಾಡಿದವನು ಎಂಥ ಕಂಪನಿಯ ಕೆಲಸವನ್ನಾದರೂ ಮಾಡಬಲ್ಲ.

ಕುಶಲಕರ್ಮಿಯ ಮನೆಗೆ ಶಿಷ್ಯನಾಗಿ ಹೋಗಿ

ಜವಳಿ, ವಸ್ತು ವಿನ್ಯಾಸ ಓದುವವರಿಗೂ ಇದೇ ಮಾತು. ಇಳಕಲ್ ಸೀರೆಯ ಮೈಯ ಹಾಸಿಗೂ ಟೋಪ ತೆನಿ ಸೆರಗಿನ ಹಾಸಿಗೂ ಕೊಂಡಿ ಹಾಕಿ ಬೆಸೆಯುವುದನ್ನು ಮಗ್ಗದ ಪಕ್ಕ ಕೂತು ನೋಡಬೇಕು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ ಹೊಲಿಗೆ ಬಟ್ಟೆಯ ಎರಡೂ ಮುಖದಲ್ಲಿ ಒಂದೇ ಥರ, ಗಂಟು ಕಾಣದ ಹಾಗೆ. ಯಾರೂ ನೋಡದ ಹಿಂಬದಿಯನ್ನೂ ಅಚ್ಚುಕಟ್ಟಾಗಿಡುವ ಆ ಹೆಂಗಸರಿಗಿಂತ ದೊಡ್ಡ ಡಿಸೈನ್ ಪ್ರೊಫೆಸರ್ ಬೇಕೆ? ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಬಣ್ಣ ಕಾವಿಗೇ ಕರಗಿ ಮೆತ್ತಿಕೊಳ್ಳುವುದನ್ನು ಕಂಡವನಿಗೆ ಬಣ್ಣದ ಬಗ್ಗೆ ಬೇರೆಯೇ ಬುದ್ಧಿ ಬರುತ್ತದೆ.

ಆದರೆ ಒಂದು ಎಚ್ಚರ. ಎರಡು ದಿನ ಹೋಗಿ, ನಾಲ್ಕು ಫೋಟೊ ಹೊಡೆದು, ಅವರ ವಿನ್ಯಾಸವನ್ನು ಎತ್ತಿಕೊಂಡು ಬಂದು 'ನನ್ನ ಕಲೆಕ್ಷನ್' ಎನ್ನುವ ಚಾಳಿ ಹೆಚ್ಚಾಗಿದೆ. ಅದು ಓದಲ್ಲ, ಕಳವು. ಹೇಳಿಕೊಟ್ಟವರ ಹೆಸರನ್ನು ಕೆಲಸದ ಮೇಲೆ ಹಾಕಿ. ಮಾಡಿದ್ದನ್ನು ತಿರುಗಿ ಒಯ್ದು ಅವರಿಗೇ ತೋರಿಸಿ. ನೀವು ಅವರ ಭಾಷೆಯಲ್ಲಿ ಮಾತಾಡಬಲ್ಲಿರಿ, ಆದ್ದರಿಂದ ನಿಮ್ಮ ಮೇಲೆ ಜವಾಬ್ದಾರಿಯೂ ಜಾಸ್ತಿ.

ಹೊಟ್ಟೆಪಾಡಿನ ಪ್ರಶ್ನೆ

'ಅಣ್ಣಾ, ಕನ್ನಡ ಕನ್ನಡ ಎಂದು ಕೂತರೆ ಕೆಲಸ ಸಿಗುತ್ತಾ?' ಎಂದು ಕೇಳುತ್ತೀರಿ. ಕೇಳಲೇಬೇಕು. ಅಪ್ಪನ ಸಾಲ ತೀರಬೇಕು.

ನೇರವಾಗಿ ಹೇಳುತ್ತೇನೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ದಿನದ ಕೆಲಸ ನಡೆಯುವುದು ಇಂಗ್ಲಿಷಿನಲ್ಲೇ. ಕನ್ನಡದ ಅಭಿಮಾನ ನೋಡಿ ಯಾರೂ ಸಂಬಳ ಕೊಡುವುದಿಲ್ಲ. ಅವರು ನೋಡುವುದು ನೀವು ಯೋಚನೆ ಮಾಡುವ ರೀತಿಯನ್ನು. ಐವತ್ತು ತೆಳು ಕೆಲಸಕ್ಕಿಂತ ಆಳವಾದ ಐದು ಕೆಲಸ ಮೇಲು. ಮೊದಲ ಗೀಚಿನಿಂದ ಕೊನೆಯ ಹಾಳೆಯವರೆಗೆ ದಾರಿ ಕಾಣಬೇಕು, ಬಿಟ್ಟದ್ದೂ ಕಾಣಬೇಕು. ಆ ಐದರಲ್ಲಿ ಎರಡು ಕನ್ನಡದವಿರಲಿ. ನೂರು ಜನರ ಸಾಲಿನಲ್ಲಿ ತೊಂಬತ್ತೈದು ಮಂದಿ ಅದೇ ಕಾಫಿ ಲೋಗೊ ಹಿಡಿದು ನಿಂತಿರುವಾಗ, ಆಸ್ಪತ್ರೆಯಲ್ಲಿ ಹಳ್ಳಿಯ ಮುದುಕಿಗೆ ದಾರಿ ತೋರಿಸುವ ಕನ್ನಡ ಫಲಕವನ್ನು ಪರೀಕ್ಷೆ ಮಾಡಿ, ತಿದ್ದಿ, ಮತ್ತೆ ಪರೀಕ್ಷೆ ಮಾಡಿದವನು ಎದ್ದು ಕಾಣುತ್ತಾನೆ. ಕನ್ನಡದ ಒತ್ತಕ್ಷರವನ್ನು ಪಳಗಿಸಿದವನಿಗೆ ತೆಲುಗು ಹತ್ತಿರ, ಬೇರೆ ಲಿಪಿಗಳೂ ದೂರವಲ್ಲ. ಅಕ್ಷರದ ವಿದ್ಯೆ ಒಂದೇ ಊರಿಗೆ ಕಟ್ಟುಬೀಳುವುದಿಲ್ಲ.

ಕೆಲಸವೂ ಇದೆ. ಕಣ್ಣು ಬಿಟ್ಟು ಬೀದಿ ನೋಡಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದಾಯಿತು. ಅದಕ್ಕಾಗಿ ಬೀದಿಗಿಳಿದು ಲಾಠಿ ತಿಂದವರು, ಜೈಲಿಗೆ ಹೋದವರು ನಿಮ್ಮ ಅಣ್ಣಂದಿರು. ಫಲ ಏನಾಯಿತು? ಫಲಕ ಬಂತು. ಅದರಲ್ಲಿ ಕನ್ನಡ ಹೇಗಿದೆ? ಇಂಗ್ಲಿಷಿನ ಹೆಸರು ಅಂದವಾಗಿ ಕೂತಿದೆ. ಅದರ ತಲೆಯ ಮೇಲೆ ಕನ್ನಡವನ್ನು ಎಳೆದು, ಜಗ್ಗಿ, ಚಪ್ಪಟೆ ಮಾಡಿ, ದಂಡ ಕಟ್ಟಿದವರ ಹಾಗೆ ಅಂಟಿಸಿದ್ದಾರೆ. ಕಾಗುಣಿತ ತಪ್ಪು, ಒತ್ತು ಕಾಣೆ. ಕೈಯಲ್ಲಿ ಬೋರ್ಡು ಬರೆಯುತ್ತಿದ್ದ ನಮ್ಮ ಪೇಂಟರುಗಳ ಅಕ್ಷರದಲ್ಲಿ ಒಂದು ಗತ್ತು ಇತ್ತು. ಫ್ಲೆಕ್ಸ್ ಬಂದು ಅವರನ್ನು ಮನೆಗೆ ಕಳಿಸಿತು. ಆ ಜಾಗಕ್ಕೆ ಯಾರೂ ಬರಲಿಲ್ಲ.

ಅಳತೆ ಪಟ್ಟಿ ಹಿಡಿದು ಶೇಕಡಾ 60 ಇದೆಯೇ ಎಂದು ನೋಡಲು ಕಾರ್ಯಕರ್ತರು ಸಾಕು. ಅದನ್ನು ನೋಡಿದ ಮಗುವಿಗೆ 'ಎಷ್ಟು ಚೆಂದ ನಮ್ಮ ಅಕ್ಷರ' ಎನ್ನಿಸಲು ಡಿಸೈನರ್ ಬೇಕು. ಚಳವಳಿಯ ಅರ್ಧ ಕೆಲಸ ಬೀದಿಯಲ್ಲಾಗಿದೆ. ಉಳಿದರ್ಧ ನಿಮ್ಮ ಸ್ಟುಡಿಯೊದ ಮೇಜಿನ ಮೇಲೆ ಕಾದಿದೆ.

ಹಾಗಾಗಿ ಈ ವರ್ಷ ಕಾಲೇಜು ಸೇರುವ ತಮ್ಮಂದಿರೇ, ತಂಗಿಯರೇ, ಈಗಾಗಲೇ ಒಳಗಿರುವವರೇ, ಒಂದು ಸಣ್ಣ ಕೆಲಸದಿಂದ ಶುರು ಮಾಡಿ. ನಿಮ್ಮ ಬೀದಿಯಲ್ಲಿ ಅತ್ಯಂತ ಕೆಟ್ಟದಾಗಿ ಕನ್ನಡ ಬರೆಸಿರುವ ಒಂದು ಅಂಗಡಿ ಆರಿಸಿಕೊಳ್ಳಿ. ಮಾಲೀಕನನ್ನು ಮಾತಾಡಿಸಿ. ಅವನು ಯಾವ ಊರಿನವನೇ ಆಗಿರಲಿ, ಜಗಳ ಬೇಡ. ಅಳತೆ ತೆಗೆದುಕೊಳ್ಳಿ, ಅವನ ವ್ಯಾಪಾರ ಏನೆಂದು ತಿಳಿಯಿರಿ. ಹತ್ತು ಥರ ಬರೆಯಿರಿ, ಒಂಬತ್ತನ್ನು ಯಾಕೆ ಬಿಟ್ಟಿರೆಂದು ಕನ್ನಡದಲ್ಲಿ ಬರೆದಿಡಿ. ರಸ್ತೆಯ ಆಚೆ ಬದಿಯಿಂದ ಓದಲು ಬರುತ್ತದೆಯೇ ಎಂದು ಪಕ್ಕದ ಮನೆಯ ಅಜ್ಜನನ್ನು ಕೇಳಿ. ಆಮೇಲೆ ಅದನ್ನು ಅಂಗಡಿಯ ಮೇಲೆ ಏರಿಸಿ. ಮುಂದಿನ ಸೆಮಿಸ್ಟರಿನ ಜ್ಯೂರಿಗೆ ಅದನ್ನೇ ಒಯ್ಯಿರಿ. ಇಂಗ್ಲಿಷ್ ತಡವರಿಸಿದರೆ ತಡವರಿಸಲಿ, ಹೇಳಲು ನಿಮ್ಮ ಹತ್ತಿರ ವಿಷಯ ಇರುತ್ತದೆ.